ಹಸಿರು ಸಹಾರಾ, ಒಣ ಸಹಾರಾ: ಮನುಷ್ಯ ಆಫ್ರಿಕಾ ದಾಟಿದ್ದು ಯಾವಾಗ?

ಮನುಷ್ಯರ ವಲಸೆ ಅಂದ ತಕ್ಷಣ ಎಲ್ಲರಿಗೂ ನೆನಪಾಗೋದು ಆ ಮ್ಯಾಪು. ಆಫ್ರಿಕಾದಿಂದ ಒಂದು ದಪ್ಪ ಕೆಂಪು ಬಾಣ ಹೊರಟು ಅರೇಬಿಯಾ ದಾಟಿ, ನಮ್ಮ ಕರಾವಳಿ ಸವರ್ಕೊಂಡು ಸೀದಾ ಆಸ್ಟ್ರೇಲಿಯಾಕ್ಕೆ ಹೋಗುತ್ತೆ, ಇನ್ನೊಂದು ಬಾಣ ಯುರೋಪಿನ ಕಡೆ ತಿರುಗುತ್ತೆ. ನೋಡಿದ್ರೆ ಯಾರೋ ಟಿಕೆಟ್ ಬುಕ್ ಮಾಡ್ಕೊಂಡು ಗಂಟುಮೂಟೆ ಕಟ್ಕೊಂಡು ಹೊರಟ್ರೇನೋ ಅನ್ಸುತ್ತೆ. ಆ ಮ್ಯಾಪು ತಪ್ಪು ಅಂತ ನಾನು ಹೇಳಲ್ಲ, ಆದ್ರೆ ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಒಂದು ಗುಂಪು ವರ್ಷಕ್ಕೆ ಬರೀ ಒಂದು ಕಿಲೋಮೀಟರ್ ಆ ಕಡೆ ಸರೀತು ಅಂದ್ಕೊಳ್ಳಿ, ಅಂದ್ರೆ ಒಂದು ತಲೆಮಾರಿಗೆ ಇಪ್ಪತ್ತೈದು ಕಿಲೋಮೀಟರ್, ನಮ್ಮ ಲೆಕ್ಕದಲ್ಲಿ ಪಕ್ಕದ ಹೋಬಳಿ. ಅಷ್ಟೇ ಸಾಕು, ಹದಿನೈದು ಸಾವಿರ ವರ್ಷದಲ್ಲಿ ಹದಿನೈದು ಸಾವಿರ ಕಿಲೋಮೀಟರ್ ಆಗೋಯ್ತು. ಆ ಗುಂಪಲ್ಲಿ ಹುಟ್ಟಿ ಸತ್ತ ಒಬ್ಬರಿಗೂ ತಾವು ಎಲ್ಲಿಗೋ ಹೋಗ್ತಿದ್ದೀವಿ ಅನ್ನೋ ಅಂದಾಜೇ ಇರಲ್ಲ. ಅಜ್ಜಿ ಹೇಳಿದ ನೀರಿನ ಜಾಗ ಒಣಗಿದೆ, ಆ ಕಡೆ ದಿಬ್ಬದಾಚೆ ಜಿಂಕೆ ಜಾಸ್ತಿ ಇದ್ದಾವೆ, ನಡೀರಿ ಅತ್ಲಾಗೆ ಅಂತ ಹೋಗಿರ್ತಾರೆ ಅಷ್ಟೇ.

ಹಂಗಾದ್ರೆ ಸರಿದಿದ್ದು ಯಾವುದು? ಮೊದಲು ಮಳೆ ಸರೀತು, ಮಳೆ ಹಿಂದೆ ಹುಲ್ಲು ಸರೀತು, ಹುಲ್ಲಿನ ಹಿಂದೆ ಮೇಯೋ ಪ್ರಾಣಿ, ಪ್ರಾಣಿ ಹಿಂದೆ ನಾವು. ಇದು ಎಲ್ಲರೂ ಒಪ್ಪೋ ಕತೆ, ಬಹಳ ಮಟ್ಟಿಗೆ ನಿಜಾನೂ ಹೌದು. ನಾನು ಇವತ್ತು ಈ ಉಪನ್ಯಾಸದಲ್ಲಿ ಹೇಳಬೇಕು ಅಂತಿರೋದು ಏನಂದ್ರೆ, ಈ ಕತೆ ಅರ್ಧ ದಾರಿವರೆಗೆ ಚೆನ್ನಾಗಿ ನಡೆಯುತ್ತೆ, ಆಮೇಲೆ ಒಂದು ಕಡೆ ಬಂದು ಸಿಕ್ಕಾಕ್ಕೊಳ್ಳುತ್ತೆ. ಆ ಜಾಗಕ್ಕೆ ಆಮೇಲೆ ಬರ್ತೀನಿ.

ಅದಕ್ಕೂ ಮುಂಚೆ, ಒಂದು ಲಕ್ಷ ವರ್ಷದ ಹಿಂದೆ ಎಲ್ಲಿ ಯಾವ ಗಿಡ ಇತ್ತು ಅಂತ ಗೊತ್ತಾಗೋದಾದ್ರೂ ಹೇಗೆ? ನಾನು ಬಾಟನಿ ಓದಿದವನು, ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ತೀನಿ, ಸಹಿಸ್ಕೊಳ್ಳಿ. ಮೊದಲನೇದು ಪರಾಗ. ಹೂವಿನ ಪುಡಿ. ಅದರ ಹೊರಗಿನ ಸಿಪ್ಪೆ ಎಷ್ಟು ಗಟ್ಟಿ ಅಂದ್ರೆ ಕೆರೆ ತಳದ ಕೆಸರಲ್ಲಿ ಸಿಕ್ಕಾಕ್ಕೊಂಡ್ರೆ ಗಾಳಿ ತಾಗದೆ ಲಕ್ಷಾಂತರ ವರ್ಷ ಹಾಗೇ ಇರುತ್ತೆ. ಕೆರೆ ತಳಕ್ಕೆ ಉದ್ದನೇ ಪೈಪು ಇಳಿಸಿ ಮಣ್ಣಿನ ಕಂಬ ಎತ್ತುತಾರೆ, ಸೆಂಟಿಮೀಟರ್ ಲೆಕ್ಕದಲ್ಲಿ ಕತ್ತರಿಸ್ತಾರೆ, ಒಂದೊಂದು ಚೂರನ್ನೂ ಹೈಡ್ರೋಫ್ಲೋರಿಕ್ ಆಸಿಡ್‌ನಲ್ಲಿ ಹಾಕ್ತಾರೆ. ಅದು ಗಾಜನ್ನೇ ಕರಗಿಸೋ ಆಸಿಡ್ಡು, ಮರಳು ಮಣ್ಣು ಎಲ್ಲ ಕರಗೋಗುತ್ತೆ, ಪರಾಗಕ್ಕೆ ಮಾತ್ರ ಏನೂ ಆಗಲ್ಲ. ಉಳಿದಿದ್ದನ್ನ ಸ್ಲೈಡ್ ಮೇಲೆ ಇಟ್ಟು ಮೈಕ್ರೋಸ್ಕೋಪಲ್ಲಿ ಒಂದೊಂದೇ ಎಣಿಸೋದು. ಹುಲ್ಲಿನ ಪರಾಗ ದುಂಡಗೆ, ನುಣ್ಣಗೆ, ಒಂದೇ ಒಂದು ತೂತು. ಪೈನ್ ಮರದ್ದಾದ್ರೆ ಎರಡೂ ಪಕ್ಕ ಗಾಳಿ ಚೀಲ. ಹೀಗೆ ಕೂತು ನೂರಾರು ಎಣಿಸಿದ ಮೇಲೆ, ಈ ಪದರದ ಕಾಲದಲ್ಲಿ ಇಲ್ಲಿ ಹುಲ್ಲು ಇಷ್ಟು, ಮರ ಇಷ್ಟು ಅಂತ ಒಂದು ಸಾಲು ಬರೀಬಹುದು. ಕತ್ತು ನೋವು ಬರೋ ಕೆಲಸ. ಪಿಎಚ್‌ಡಿ ಮಾಡೋ ಮಕ್ಕಳು ಇದನ್ನ ಮಾಡ್ತಾರೆ, ಹೆಸರು ಗೈಡ್‌ಗೆ ಬರುತ್ತೆ, ಅದಿರಲಿ.

ಎರಡನೇದು ಕಾರ್ಬನ್ ಲೆಕ್ಕ. ಇದು ನಮಗೆ ಸುಲಭವಾಗಿ ಅರ್ಥ ಆಗಬೇಕು ಯಾಕಂದ್ರೆ ನಮ್ಮ ಊಟದ ತಟ್ಟೇಲೇ ಎರಡೂ ಪಾರ್ಟಿ ಇದ್ದಾವೆ. ಭತ್ತ, ಗೋಧಿ, ಬೇಳೆಕಾಳು, ಬಹುತೇಕ ಎಲ್ಲ ಮರಗಳು ಒಂದು ರೀತಿ ದ್ಯುತಿಸಂಶ್ಲೇಷಣೆ ಮಾಡ್ತಾವೆ, ಅದನ್ನ ಸಿ3 ಅಂತಾರೆ. ರಾಗಿ, ಜೋಳ, ಸಜ್ಜೆ, ಕಬ್ಬು, ಮತ್ತೆ ಬಿಸಿಲು ನಾಡಿನ ಬಹುತೇಕ ಹುಲ್ಲುಗಳು ಇನ್ನೊಂದು ರೀತಿ, ಅದು ಸಿ4. ಬಿಸಿಲು ಜೋರು, ನೀರು ಕಡಿಮೆ, ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆ ಇದ್ದಾಗ ಸಿ4 ಗಿಡಗಳದ್ದೇ ಮೇಲುಗೈ. ಈ ಎರಡು ಗುಂಪೂ ಗಾಳಿಯಿಂದ ಕಾರ್ಬನ್ ತಗೊಳ್ಳುವಾಗ ತೂಕದ ಕಾರ್ಬನ್-13 ಅನ್ನ ಬೇರೆ ಬೇರೆ ಪ್ರಮಾಣದಲ್ಲಿ ತಗೋತಾವೆ. ಸಿ3 ಗಿಡದಲ್ಲಿ ಆ ಅಳತೆ, ಅಂದ್ರೆ ಒಂದು ಗೊತ್ತುಪಡಿಸಿದ ಮಾದರಿಗಿಂತ ಸಾವಿರಕ್ಕೆ ಎಷ್ಟು ಕಮ್ಮಿ ಅನ್ನೋದು, ಸುಮಾರು ಮೈನಸ್ 27 ಬಂದ್ರೆ ಸಿ4 ಗಿಡದಲ್ಲಿ ಸುಮಾರು ಮೈನಸ್ 12. ಗಿಡ ತಿಂದ ಪ್ರಾಣಿಯ ಹಲ್ಲಿನಲ್ಲೂ ಅದೇ ಗುರುತು ಉಳಿಯುತ್ತೆ, ಆ ಪ್ರಾಣಿಯನ್ನ ತಿಂದ ಮನುಷ್ಯನ ಹಲ್ಲಲ್ಲೂ ಉಳಿಯುತ್ತೆ. ಎಲೆ ಮೇಲೆ ಮೇಣದ ಪದರ ಇರುತ್ತಲ್ಲ, ಮಳೆ ಹನಿ ಜಾರೋದು ಅದರಿಂದಾನೇ, ಆ ಮೇಣ ಧೂಳಿನ ಜೊತೆ ಹಾರಿ ಸಮುದ್ರದ ತಳದಲ್ಲಿ ಕೂತಿರುತ್ತೆ. ಅದರ ಕಾರ್ಬನ್ ನೋಡಿದ್ರೆ ಯಾವ ಥರದ ಗಿಡ ಅಂತ ಗೊತ್ತಾಗುತ್ತೆ, ಹೈಡ್ರೋಜನ್ ನೋಡಿದ್ರೆ ಮಳೆ ಹೇಗಿತ್ತು ಅಂತ ಗೊತ್ತಾಗುತ್ತೆ. ಒಂದು ಎಲೆಯ ಮೇಣದಲ್ಲಿ ಎರಡೂ ಸಿಕ್ಕಂಗಾಯ್ತು.

ಇಷ್ಟು ಕೈಯಲ್ಲಿ ಹಿಡ್ಕೊಂಡು ಸಹಾರಾಕ್ಕೆ ಹೋಗೋಣ.

ಭೂಮಿಯ ಅಕ್ಷ ತಿರುಗೋ ಬುಗುರಿ ಥರ ನಿಧಾನಕ್ಕೆ ಓಲಾಡುತ್ತೆ. ಅದರಿಂದ, ಸೂರ್ಯನಿಗೆ ಭೂಮಿ ಅತಿ ಹತ್ತಿರ ಬರೋ ದಿನ ಯಾವ ಋತುವಿನಲ್ಲಿ ಬೀಳುತ್ತೆ ಅನ್ನೋದು ಸುಮಾರು 21-23 ಸಾವಿರ ವರ್ಷಕ್ಕೊಂದು ಸುತ್ತು ಹಾಕುತ್ತೆ. ಈಗ ಅದು ಜನವರಿ ಮೊದಲ ವಾರದಲ್ಲಿ ಬೀಳ್ತಿದೆ. ಸುಮಾರು ಹನ್ನೊಂದು ಸಾವಿರ ವರ್ಷದ ಹಿಂದೆ ಅದು ಉತ್ತರಾರ್ಧದ ಬೇಸಿಗೆಯಲ್ಲಿ ಬೀಳ್ತಿತ್ತು, ಆಗ ಬೇಸಿಗೆ ಬಿಸಿಲು ಈಗಿನದ್ದಕ್ಕಿಂತ ಶೇಕಡಾ 7-8ರಷ್ಟು ಜಾಸ್ತಿ. ನೆಲ ಜಾಸ್ತಿ ಕಾಯುತ್ತೆ, ಸಮುದ್ರದ ಕಡೆಯಿಂದ ತೇವದ ಗಾಳಿ ಜಾಸ್ತಿ ಎಳ್ಕೊಳ್ಳುತ್ತೆ, ಮಾನ್ಸೂನ್ ಇನ್ನೂ ಉತ್ತರಕ್ಕೆ ಏರುತ್ತೆ. ನಮ್ಮ ಮುಂಗಾರು ಕೆಲಸ ಮಾಡೋದೂ ಇದೇ ಲೆಕ್ಕದಲ್ಲಿ, ಆಫ್ರಿಕಾದ್ದು ಅದರ ಸೋದರ ಸಂಬಂಧಿ ಅಂತ ಇಟ್ಕೊಳ್ಳಿ.

ಇಲ್ಲಿ ಒಂದು ವಿಷಯ ಇದೆ, ಬಹಳ ಜನ ಬಿಟ್ಟುಬಿಡ್ತಾರೆ. ಬರೀ ಬಿಸಿಲು ಜಾಸ್ತಿ ಮಾಡಿ ಕಂಪ್ಯೂಟರ್ ಮಾಡೆಲ್ ಓಡಿಸಿದ್ರೆ ಸಹಾರಾ ಸಾಕಷ್ಟು ಹಸಿರಾಗಲ್ಲ. ಮಳೆ ಸ್ವಲ್ಪ ಏರುತ್ತೆ, ಅಲ್ಲಿಗೇ ನಿಲ್ಲುತ್ತೆ. ಮಾಡೆಲ್ಲಿಗೆ ಗಿಡ ಸೇರಿಸಬೇಕು. ಬೋಳು ಮರಳು ಬಿಸಿಲನ್ನ ವಾಪಸ್ ಎಸೆಯುತ್ತೆ, ಹುಲ್ಲು ಬೆಳೆದ ನೆಲ ಕಪ್ಪಗಿರುತ್ತೆ, ಶಾಖ ಹೀರ್ಕೊಳ್ಳುತ್ತೆ, ಎಲೆಗಳು ನೀರನ್ನ ಮತ್ತೆ ಗಾಳಿಗೆ ಬಿಡ್ತಾವೆ, ಧೂಳು ಏಳೋದು ಕಡಿಮೆ ಆಗುತ್ತೆ, ಇದೆಲ್ಲ ಸೇರಿ ಇನ್ನಷ್ಟು ಮಳೆ ತರುತ್ತೆ. ಅಂದ್ರೆ ಗಿಡಗಳು ಹವಾಮಾನ ಬದಲಾಗಿದ್ದಕ್ಕೆ ಸುಮ್ನೆ ತಲೆ ಆಡಿಸ್ಕೊಂಡು ಕೂತಿರಲಿಲ್ಲ, ತಾವೇ ಮಳೆಯನ್ನ ಒಳಗೆ ಕರ್ಕೊಂಡು ಬಂದ್ವು. ನಿಲ್ಲೋವಾಗಲೂ ಹಾಗೇ, ಮಳೆ ಕಮ್ಮಿ ಆಗ್ತಾ ಹುಲ್ಲು ಹೋಯ್ತು, ಹುಲ್ಲು ಹೋಗಿದ್ದಕ್ಕೆ ಮಳೆ ಇನ್ನೂ ಕಮ್ಮಿ ಆಯ್ತು.

ಹೀಗೆ ಸಹಾರಾ ಹಸಿರಾಗಿದ್ದು ಒಂದು ಸಲ ಅಲ್ಲ. ಕಳೆದ 80 ಲಕ್ಷ ವರ್ಷದಲ್ಲಿ ಇನ್ನೂರಕ್ಕೂ ಹೆಚ್ಚು ಸಲ. ಅದರ ಲೆಕ್ಕ ಬರೆದಿಟ್ಟಿರೋದು ಮೆಡಿಟರೇನಿಯನ್ ಸಮುದ್ರದ ತಳ. ನೈಲ್ ನದಿಯಲ್ಲಿ ವಿಪರೀತ ನೀರು ಬಂದಾಗೆಲ್ಲ ಸಿಹಿನೀರು ಸಮುದ್ರದ ಮೇಲೆ ಹರಡಿ, ಕೆಳಗೆ ಆಮ್ಲಜನಕ ಹೋಗದೆ ಕಪ್ಪು ಕೆಸರಿನ ಪದರ ಕೂರುತ್ತೆ. ಆ ಕಪ್ಪು ಪಟ್ಟೆಗಳನ್ನ ಎಣಿಸಿದ್ರೆ ಆಯ್ತು.

ಕೊನೇ ಸಲದ ಹಸಿರು ಸುಮಾರು ಐದು ಸಾವಿರ ವರ್ಷದ ಹಿಂದೆ ಮುಗೀತು. ಆ ಹಸಿರು ಕಾಲದಲ್ಲಿ ಆಫ್ರಿಕಾದ ಚಾಡ್ ಸರೋವರ ಸುಮಾರು ಮೂರೂವರೆ ಲಕ್ಷ ಚದರ ಕಿಲೋಮೀಟರ್ ಇತ್ತು, ಹತ್ತಿರ ಹತ್ತಿರ ಎರಡು ಕರ್ನಾಟಕ ಮುಳುಗೋವಷ್ಟು. ನೈಜರ್ ದೇಶದಲ್ಲಿ ಗೋಬೆರೋ ಅಂತ ಒಂದು ಜಾಗ ಇದೆ, ಸಹಾರಾದ ಟೆನೆರೆ ಮರುಭೂಮಿ ಸೀಮೆಯಲ್ಲಿ. 2000ನೇ ಇಸವಿಯಲ್ಲಿ ಪಾಲ್ ಸೆರೆನೋ ಅವರ ತಂಡ ಡೈನೋಸಾರ್ ಮೂಳೆ ಹುಡುಕ್ಕೊಂಡು ಹೋಗಿ ಮನುಷ್ಯರ ಸ್ಮಶಾನಕ್ಕೆ ಕಾಲಿಟ್ಟಿತು. ಅಲ್ಲಿ ಎರಡು ಬೇರೆ ಬೇರೆ ಜನ ಹೂತಿದ್ದಾರೆ. ಮೊದಲನೆಯವರು ಎತ್ತರದ ಆಳುಗಳು, ಸುಮಾರು ಹತ್ತು ಸಾವಿರದಿಂದ ಎಂಟು ಸಾವಿರ ವರ್ಷದ ಹಿಂದಿನವರು, ಮೂಳೆಯ ಈಟಿ ಮೊನೆಯಲ್ಲಿ ದೊಡ್ಡ ದೊಡ್ಡ ಮೀನು ಹೊಡೀತಿದ್ದೋರು. ಆಮೇಲೆ ಕೆರೆ ಒಣಗುತ್ತೆ, ಸುಮಾರು ಸಾವಿರ ವರ್ಷ ಅಲ್ಲಿ ಯಾರೂ ಇಲ್ಲ. ಮತ್ತೆ ನೀರು ಬರುತ್ತೆ, ಬೇರೆಯೇ ಜನ ಬರ್ತಾರೆ, ದನ ಇಟ್ಕೊಂಡಿದ್ದೋರು, ಅದೇ ಮರಳು ದಿಬ್ಬದಲ್ಲಿ ತಮ್ಮವರನ್ನ ಹೂಳ್ತಾರೆ. ಅಲ್ಲಿ ಒಂದು ಸಮಾಧೀಲಿ ಒಬ್ಬ ಹೆಂಗಸು ಇಬ್ಬರು ಮಕ್ಕಳ ಕಡೆ ಮುಖ ಮಾಡಿ ಮಲಗಿದ್ದಾಳೆ, ಕೈ ಕೈ ಹೆಣೆದ್ಕೊಂಡು. ಅವರ ಕೆಳಗಿನ ಮಣ್ಣಲ್ಲಿ ಹೂವಿನ ಪರಾಗ ಗುಂಪಾಗಿ ಸಿಕ್ಕಿದೆ, ಹಾಗಾಗಿ ಹೂವು ಹಾಸಿ ಮಲಗಿಸಿದ್ರು ಅಂತ ಹೇಳ್ತಾರೆ. ಮಳೆ ಬಂದ್ರೆ ಜನ, ಮಳೆ ಹೋದ್ರೆ ಜನ ಇಲ್ಲ ಅನ್ನೋದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಈಗ ಇದನ್ನೇ ಹಿಂದಕ್ಕೆ ತಳ್ಳಿ, ಒಂದು ಲಕ್ಷ ಇಪ್ಪತ್ತು ಸಾವಿರ ವರ್ಷದ ಹಿಂದಕ್ಕೆ. ಆಗಲೂ ಸಹಾರಾ ಹಸಿರು, ಪಕ್ಕದ ಅರೇಬಿಯಾನೂ ಹಸಿರು. ಸೌದಿಯ ಉತ್ತರಕ್ಕೆ ನೆಫುದ್ ಮರುಭೂಮಿ ಇದೆ. ಅಲ್ಲಿ ಅಲಾಥರ್ ಅನ್ನೋ ಒಣಗಿದ ಕೆರೆ ತಳದಲ್ಲಿ ನೂರಾರು ಹೆಜ್ಜೆ ಗುರುತು ಸಿಕ್ಕಿವೆ. ಆನೆ, ಒಂಟೆ, ಎಮ್ಮೆ ಜಾತಿಯ ಪ್ರಾಣಿ, ಅವುಗಳ ಮಧ್ಯೆ ಏಳು ಹೆಜ್ಜೆ ಮನುಷ್ಯರದ್ದು ಅಂತ ಖಚಿತವಾಗಿ ಹೇಳಬಹುದಾದವು. 2020ರಲ್ಲಿ ಇದು ಪ್ರಕಟ ಆಯ್ತು. ಮಜಾ ಏನಂದ್ರೆ ಅಲ್ಲಿ ಕಲ್ಲಿನ ಆಯುಧ ಒಂದೂ ಸಿಕ್ಕಿಲ್ಲ, ಪ್ರಾಣಿ ಮೂಳೆ ಮೇಲೆ ಕುಯ್ದ ಗುರುತೂ ಇಲ್ಲ. ಅಂದ್ರೆ ಬಂದ್ರು, ನೀರು ಕುಡಿದ್ರು, ಹೋದ್ರು. ಅದೇ ನೆಫುದ್‌ನಲ್ಲೇ ಅಲ್ ವುಸ್ತಾ ಅನ್ನೋ ಇನ್ನೊಂದು ಹಳೇ ಕೆರೆ. ಅಲ್ಲಿ ಮನುಷ್ಯನ ಬೆರಳಿನ ಒಂದು ಮೂಳೆ ಸಿಕ್ಕಿದೆ, ಮಧ್ಯದ ಗೆಣ್ಣು, 3.2 ಸೆಂಟಿಮೀಟರ್. ನಿಮ್ಮ ಬೆರಳಿನ ಮಧ್ಯದ ಗೆಣ್ಣು ನೋಡ್ಕೊಳ್ಳಿ, ಅಷ್ಟೇ ಇರೋದು. ಅದರ ವಯಸ್ಸು 85ರಿಂದ 90 ಸಾವಿರ ವರ್ಷ, ಅಂತಹ ಒಂದು ಗೆಣ್ಣಿನಿಂದ ಅರೇಬಿಯಾದ ಇತಿಹಾಸನೇ ಬದಲಾಯ್ತು. ಅದರ ಜೊತೆ ನೀರುಕುದುರೆ ಅಂದ್ರೆ ಹಿಪ್ಪೋ ಮೂಳೆನೂ ಸಿಕ್ಕಿದೆ. ಹಿಪ್ಪೋ ಸುಳ್ಳು ಹೇಳಲ್ಲ. ವರ್ಷ ಪೂರ್ತಿ ನೀರಿಲ್ಲದೆ ಅದು ಬದುಕಲ್ಲ.

ಇಸ್ರೇಲ್‌ನ ಸ್ಖೂಲ್ ಮತ್ತು ಕಾಫ್ಜೆ ಗುಹೆಗಳಲ್ಲಿ ಆ ಕಾಲದ ನಮ್ಮಂಥ ಮನುಷ್ಯರ ಸಮಾಧಿಗಳೇ ಇವೆ. ಅದಕ್ಕೂ ಹಳೇದು ಮಿಸ್ಲಿಯಾ ಗುಹೆಯ ದವಡೆ, ಸುಮಾರು 1.8 ಲಕ್ಷ ವರ್ಷದ್ದು. ಎಲ್ಲವೂ ಹೆಚ್ಚು ಕಮ್ಮಿ ಹಸಿರು ಕಾಲಕ್ಕೆ ಹೊಂದುತ್ತೆ. ಕತೆ ಸಲೀಸಾಗಿ ಹೋಗ್ತಿದೆ ಅಲ್ವಾ?

ಈಗ ಸಿಕ್ಕಾಕ್ಕೊಳ್ಳೋ ಜಾಗ. ಇವತ್ತು ಆಫ್ರಿಕಾದ ಹೊರಗಿರೋ ಜನ ಅಂದ್ರೆ ನಾವು, ಚೀನಾದೋರು, ಯುರೋಪಿನೋರು, ಆಸ್ಟ್ರೇಲಿಯಾದ ಮೂಲನಿವಾಸಿಗಳು, ನಮ್ಮ ಡಿಎನ್‌ಎ ನೋಡಿದ್ರೆ ಬಹುತೇಕ ಎಲ್ಲ ಬಂದಿರೋದು 60ರಿಂದ 50 ಸಾವಿರ ವರ್ಷದ ಹಿಂದೆ ಹೊರಬಂದ ಒಂದು ಗುಂಪಿಂದ. ಆ ಹಸಿರು ಕಾಲದಲ್ಲಿ ಹೊರಗೆ ಬಂದಿದ್ದೋರು, ಕೆರೆ ಪಕ್ಕ ಹೆಜ್ಜೆ ಬಿಟ್ಟೋರು, ಬೆರಳು ಬಿಟ್ಟೋರು, ಅವರ ವಂಶ ನಮ್ಮಲ್ಲಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಇಸ್ರೇಲ್ ಕಡೆ ಆಮೇಲೆ ಸಿಗೋ ಅಸ್ಥಿಪಂಜರಗಳು ನಿಯಾಂಡರ್ತಾಲರದ್ದು, ಅಂದ್ರೆ ಈಗ ಅಳಿದುಹೋಗಿರೋ ಇನ್ನೊಂದು ಬಗೆಯ ಮನುಷ್ಯರದ್ದು. ಸರಿ, ಹೊರಬಂದು ಉಳಿದ ಈ ಗುಂಪಿನ ಕಾಲದಲ್ಲಿ ಹವಾಮಾನ ಎಷ್ಟು ಚೆನ್ನಾಗಿತ್ತು ಅಂತ ನೋಡೋಣ ಅಂದ್ರೆ, 2017ರಲ್ಲಿ ಜೆಸಿಕಾ ಟಿಯರ್ನಿ ಮತ್ತು ಜೊತೆಗಾರ ವಿಜ್ಞಾನಿಗಳು ಆಫ್ರಿಕಾಕ್ಕೂ ಅರೇಬಿಯಾಕ್ಕೂ ಮಧ್ಯೆ ಇರೋ ಗಲ್ಫ್ ಆಫ್ ಏಡನ್ ತಳದ ಕೆಸರಲ್ಲಿ ಆಗಲೇ ಹೇಳಿದ ಎಲೆ ಮೇಣ ತೆಗೆದು ಎರಡು ಲಕ್ಷ ವರ್ಷದ ಲೆಕ್ಕ ಹಾಕಿದ್ರು. 1.2 ಲಕ್ಷದಿಂದ 90 ಸಾವಿರ ವರ್ಷದ ಹಿಂದೆ ತೇವ ಇತ್ತು, ಸರಿ. ಆದ್ರೆ 60 ಸಾವಿರದ ಹತ್ತಿರ ಬಂದಾಗ ಈಶಾನ್ಯ ಆಫ್ರಿಕಾ ಈಗಿಗಿಂತ ಒಣಗಿತ್ತು, ಚಳಿನೂ ಇತ್ತು. ಎಲ್ಲ ಮಾಡೆಲ್ಲುಗಳೂ ಇದನ್ನ ಒಪ್ಪಲ್ಲ, ಆಕ್ಸೆಲ್ ಟಿಮ್ಮರ್‌ಮನ್ ಅವರ 2016ರ ಮಾಡೆಲ್‌ನಲ್ಲಿ 59ರಿಂದ 47 ಸಾವಿರದ ಮಧ್ಯೆ ಒಂದು ಸಣ್ಣ ತೇವದ ಕಿಟಕಿ ಕಾಣುತ್ತೆ. ಆದ್ರೂ ಅದು 1.2 ಲಕ್ಷ ವರ್ಷದ ಹಿಂದಿನ ಸುಗ್ಗಿ ಮುಂದೆ ಏನೂ ಅಲ್ಲ.

ಅಂದ್ರೆ ಬಾಗಿಲು ಪೂರ್ತಿ ತೆರೆದಿದ್ದಾಗ ಹೋದವರು ಉಳೀಲಿಲ್ಲ, ಬಾಗಿಲು ಅರೆಮುಚ್ಚಿದ್ದಾಗ ನುಸುಳಿದವರು ಜಗತ್ತೆಲ್ಲ ತುಂಬ್ಕೊಂಡ್ರು. ಯಾಕೆ?

ನನಗೆ ಒಪ್ಪಿಗೆ ಆಗೋ ಉತ್ತರ ಇದು. ಹಸಿರು ಕಾಲದಲ್ಲಿ ಹೋದವರು ಅರೇಬಿಯಾಕ್ಕೆ ಹೋದ್ರು ಅಂತ ನಾವು ಹೇಳ್ತೀವಿ, ಆದ್ರೆ ಒಂದು ಲೆಕ್ಕದಲ್ಲಿ ಅವರು ಆಫ್ರಿಕಾ ಬಿಟ್ಟೇ ಇರಲಿಲ್ಲ. ಅದೇ ಹುಲ್ಲುಗಾವಲು, ಅದೇ ಹಿಪ್ಪೋ, ಅದೇ ಕೆರೆ, ತಮ್ಮ ಊರೇ ಉತ್ತರಕ್ಕೆ ಚಾಚ್ಕೊಂಡಿತ್ತು, ಅದರ ಜೊತೆ ಇವರೂ ಚಾಚ್ಕೊಂಡ್ರು. ಮಳೆ ವಾಪಸ್ ಹೋದಾಗ ಅವರಿಗೆ ಬೇರೆ ಥರ ಬದುಕೋದು ಗೊತ್ತಿರಲಿಲ್ಲ. 2025ರಲ್ಲಿ ಎಮಿಲಿ ಹ್ಯಾಲೆಟ್, ಆಂಡ್ರಿಯಾ ಮನಿಕಾ, ಎಲಿನೋರ್ ಸ್ಕೆರಿ ಇವರೆಲ್ಲ ಸೇರಿ ಆಫ್ರಿಕಾದ ಪುರಾತತ್ವ ಜಾಗಗಳನ್ನೆಲ್ಲ ಆಯಾ ಕಾಲದ ಹವಾಮಾನ ಮತ್ತು ಸಸ್ಯವರ್ಗದ ಮೇಲೆ ಕೂರಿಸಿ ನೋಡಿದ್ರು. ಸುಮಾರು 70 ಸಾವಿರ ವರ್ಷದ ಹಿಂದಿನಿಂದ ಆಫ್ರಿಕಾ ಒಳಗೇನೇ ಜನ ಹೊಸ ಹೊಸ ಪರಿಸರಕ್ಕೆ ನುಗ್ಗೋಕೆ ಶುರು ಮಾಡ್ತಾರೆ, ಆ ಕಡೆ ದಟ್ಟ ಕಾಡು, ಈ ಕಡೆ ಕೆಟ್ಟ ಮರುಭೂಮಿ. ಮನೇಲಿ ಇದ್ದಾಗಲೇ ಕಷ್ಟ ಪಟ್ಟು ಎಲ್ಲ ಥರದ ನೆಲದಲ್ಲೂ ಬದುಕೋದು ಕಲಿತವರು, ಹೊರಗೆ ಬಂದ್ರು, ಬಂದು ಉಳ್ಕೊಂಡ್ರು.

ಇಲ್ಲೊಬ್ಬರು ಕೇಳ್ತಿದ್ದಾರೆ, ಹಂಗಾದ್ರೆ ಅದಕ್ಕೆ ಮುಂಚೆ ಮನುಷ್ಯ ಕಾಡಲ್ಲಿ ಇರಲೇ ಇಲ್ವಾ ಸಾರ್ ಅಂತ. ಒಳ್ಳೇ ಪ್ರಶ್ನೆ. ಇದ್ರು. ಐವರಿ ಕೋಸ್ಟ್‌ನಲ್ಲಿ ಒಂದೂವರೆ ಲಕ್ಷ ವರ್ಷದ ಹಿಂದೇನೇ ಒದ್ದೆ ಮಳೆಕಾಡಿನಲ್ಲಿ ಜನ ಇದ್ದಿದ್ದಕ್ಕೆ ಸಾಕ್ಷಿ ಸಿಕ್ಕಿದೆ, ಅದೂ 2025ರದ್ದೇ ಪ್ರಕಟಣೆ, ಅದನ್ನ ತೋರಿಸಿದ್ದೂ ಅದೇ ಪರಾಗ, ಎಲೆ ಮೇಣ, ಮತ್ತೆ ಗಿಡದೊಳಗಿನ ಗಾಜಿನಂಥ ಸಿಲಿಕಾ ಕಣಗಳು. ಅಲ್ಲೊಂದು ಇಲ್ಲೊಂದು ಗುಂಪಿಗೆ ಗೊತ್ತಿತ್ತು, 70 ಸಾವಿರದ ಮೇಲೆ ಅದು ದೊಡ್ಡ ಪ್ರಮಾಣದಲ್ಲಿ ಹರಡ್ತು. ಮತ್ತೆ ಇನ್ನೊಂದು ಹಳೇ ಕತೆ ಇದೆಯಲ್ಲ, ಕಾಡು ಹೋಯ್ತು, ಹುಲ್ಲುಗಾವಲು ಬಂತು, ಅದಕ್ಕೇ ಎರಡು ಕಾಲ ಮೇಲೆ ಎದ್ದು ನಿಂತ್ವಿ ಅಂತ, ಅದನ್ನೂ ಇಷ್ಟು ಸುಲಭಕ್ಕೆ ನಂಬಬೇಡಿ. ಇಥಿಯೋಪಿಯಾದ ಆರ್ಡಿಪಿಥೆಕಸ್, ನಮ್ಮ ವಂಶದ ಬಹಳ ಹಳೇ ನಂಟ, 44 ಲಕ್ಷ ವರ್ಷದ ಹಿಂದೆ ಎರಡು ಕಾಲಲ್ಲಿ ನಡೀತಿತ್ತು, ಆದ್ರೆ ಮರಗಳಿದ್ದ ಜಾಗದಲ್ಲೇ ಇತ್ತು. ಅದು ಬೇರೆ ಉಪನ್ಯಾಸ ಆಗುತ್ತೆ, ಬಿಡಿ.

ಕಾಡಿನಲ್ಲಿ ಬದುಕೋದು ಕಷ್ಟ ಅಂತ ಯಾಕೆ ಹೇಳ್ತಾರೆ ಅಂದ್ರೆ, ಹುಲ್ಲುಗಾವಲಲ್ಲಿ ದೊಡ್ಡ ಪ್ರಾಣಿ ಹಿಂಡು ಹಿಂಡಾಗಿ ಕಣ್ಣಿಗೆ ಕಾಣುತ್ತೆ, ಒಂದು ಹೊಡೆದ್ರೆ ಊರಿಗೆಲ್ಲ ಊಟ. ದಟ್ಟ ಕಾಡಲ್ಲಿ ಮಾಂಸ ಎಲ್ಲ ಮರದ ಮೇಲೆ, ಸಣ್ಣದು, ಚುರುಕು. ಇದಕ್ಕೆ ಉತ್ತರ ನಮ್ಮ ಪಕ್ಕದಲ್ಲೇ ಸಿಕ್ಕಿದೆ. ಶ್ರೀಲಂಕಾದ ಫಾ ಹಿಯನ್ ಗುಹೆ, ಮಳೆಕಾಡಿನ ಮಧ್ಯೆ ಇರೋದು, ಸುಮಾರು 48 ಸಾವಿರ ವರ್ಷದ ಹಿಂದಿನಿಂದ ಜನ ಇದ್ದ ಜಾಗ. ಅಲ್ಲಿ ಸಿಕ್ಕ ಮೂಳೆಗಳಲ್ಲಿ ಬಹುಪಾಲು ಕೋತಿ, ಮುಸುವ, ದೊಡ್ಡ ಅಳಿಲು. ಅದನ್ನ ಹೊಡೆಯೋಕೆ ಕೋತಿಯ ಮೂಳೆಯಿಂದಲೇ ಮಾಡಿದ ಸಣ್ಣ ಸಣ್ಣ ಚೂಪು ಮೊನೆಗಳು, ಬಿಲ್ಲು ಬಾಣಕ್ಕೆ ಬಳಸಿದ್ದು ಅಂತ ತುದಿಯ ಒಡಕು ನೋಡಿ ಹೇಳ್ತಾರೆ. ಶ್ರೀಲಂಕಾದ ಗುಹೆಗಳಲ್ಲಿ ಸಿಕ್ಕ ಮನುಷ್ಯರ ಹಲ್ಲಿನ ಕಾರ್ಬನ್ ನೋಡಿದ್ರೆ ಅವರು ಊಟ ಮಾಡ್ತಿದ್ದಿದ್ದು ಕಾಡಿನದ್ದೇ, ಪಕ್ಕದ ಬಯಲಿಗೆ ಹೋಗಿ ತಿಂದು ಬರ್ತಿದ್ದಿದ್ದಲ್ಲ. ಅಂದ್ಹಾಗೆ ಆಗ ಶ್ರೀಲಂಕಾ ದ್ವೀಪ ಆಗಿರಲಿಲ್ಲ, ಹಿಮಯುಗದಲ್ಲಿ ನೀರೆಲ್ಲ ಮಂಜಾಗಿ ಕೂತಿದ್ರಿಂದ ಸಮುದ್ರ ಮಟ್ಟ ಇಳಿದಿತ್ತು, ಅದರ ತುತ್ತತುದಿಯಲ್ಲಿ 120 ಮೀಟರ್‌ಗೂ ಹೆಚ್ಚು. ತಮಿಳುನಾಡಿಂದ ನಡ್ಕೊಂಡೇ ಹೋಗಬಹುದಿತ್ತು. ಪರ್ಷಿಯನ್ ಗಲ್ಫ್ ಕೂಡ ಆಗ ನೀರಿಲ್ಲದ ಕಣಿವೆ. ಸೈಬೀರಿಯಾದಿಂದ ಅಲಾಸ್ಕಾಕ್ಕೂ ನೆಲ ಇತ್ತು, ಅದರ ಮೇಲೆ ಮ್ಯಾಮತ್ ಆನೆಗಳು ಮೇಯೋ ಹುಲ್ಲು ಇತ್ತು. ಅಮೆರಿಕದ ಕತೆ ಹೇಳೋಕೆ ಕೂತ್ರೆ ರಾತ್ರಿ ಆಗುತ್ತೆ.

ನಮ್ಮ ಕಡೆಗೆ ಬರ್ತೀನಿ. ಆಂಧ್ರದ ಕರ್ನೂಲು ಸೀಮೆಯಲ್ಲಿ ಜ್ವಾಲಾಪುರಂ ಅಂತ ಹಳ್ಳಿ. ಅಲ್ಲಿ ಮಣ್ಣಿನ ಮಧ್ಯೆ ಬೆಳ್ಳಗೆ ಬೂದಿ ಪದರ ಇದೆ, ಕೆಲವು ಕಡೆ ಆಳುದ್ದಕ್ಕೂ ಮೀರಿ. ಪಾತ್ರೆ ತೊಳೆಯೋ ಪುಡಿಗೆ ಅಂತ ಅದನ್ನ ಅಗೆದು ಮಾರ್ತಾರೆ ಅಂತ ಪತ್ರಿಕೆಗಳಲ್ಲೂ ಬಂದಿತ್ತು. ಆ ಬೂದಿ ಅಲ್ಲಿಯದ್ದಲ್ಲ, ಇಂಡೋನೇಷ್ಯಾದ ಸುಮಾತ್ರಾದ ಟೋಬಾ ಜ್ವಾಲಾಮುಖಿಯದ್ದು. 74 ಸಾವಿರ ವರ್ಷದ ಹಿಂದೆ ಸಿಡಿದಿದ್ದು, ಬಂಗಾಳ ಕೊಲ್ಲಿ ದಾಟಿ ಬಂದು ನಮ್ಮ ಮೇಲೆ ಸುರೀತು. ಇದರಿಂದ ಭೂಮಿ ತಂಪಾಗಿ ಮನುಷ್ಯ ಕುಲ ನಿರ್ನಾಮದ ಅಂಚಿಗೆ ಹೋಯ್ತು ಅಂತ ಒಂದು ವಾದ 1990ರ ದಶಕದಿಂದ ಭಾರೀ ಓಡ್ತಿತ್ತು, ಈಗಲೂ ಯೂಟ್ಯೂಬಲ್ಲಿ ಓಡ್ತಾ ಇದೆ. ಆದ್ರೆ ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಮೈಕೆಲ್ ಪೆಟ್ರಾಗ್ಲಿಯಾ ಅವರ ತಂಡ ಜ್ವಾಲಾಪುರಂನಲ್ಲಿ ಅಗೆದು 2007ರಲ್ಲಿ ಹೇಳಿದ್ದು, ಬೂದಿ ಕೆಳಗೂ ಕಲ್ಲಿನ ಆಯುಧ ಇದೆ, ಬೂದಿ ಮೇಲೂ ಇದೆ, ಎರಡೂ ಹೆಚ್ಚುಕಮ್ಮಿ ಒಂದೇ ಥರ. ಜನ ಎಲ್ಲೂ ಹೋಗಿರಲಿಲ್ಲ. ಆ ಆಯುಧ ಮಾಡಿದೋರು ನಮ್ಮದೇ ಪ್ರಭೇದದ ಮನುಷ್ಯರೇನಾ ಅಂತ ಜಗಳ ಇದೆ, ಯಾಕಂದ್ರೆ ಜೊತೆಗೆ ಮೂಳೆ ಸಿಕ್ಕಿಲ್ಲ, ಬರೀ ಕಲ್ಲು.

ಗಿಡಗಳು ಏನು ಹೇಳ್ತಾವೆ? ಇಲ್ಲಿ ಎರಡು ಸಾಕ್ಷಿ ಒಂದಕ್ಕೊಂದು ತಿರುಗಿ ನಿಂತಿವೆ. ಬಂಗಾಳ ಕೊಲ್ಲಿಯ ಕೆಸರಿನ ಪರಾಗ ಮತ್ತು ಮಧ್ಯ ಭಾರತದ ಮಣ್ಣಿನ ಕಾರ್ಬನ್ ನೋಡಿದವರು 2009ರಲ್ಲಿ, ಬೂದಿ ಬಿದ್ದ ಮೇಲೆ ಕಾಡು ಕಮ್ಮಿಯಾಗಿ ಹುಲ್ಲು ಜಾಸ್ತಿ ಆಯ್ತು ಅಂದ್ರು. ಪೂರ್ವ ಆಫ್ರಿಕಾದ ಮಲಾವಿ ಸರೋವರದ ತಳದಲ್ಲೂ ಅದೇ ಟೋಬಾ ಬೂದಿಯ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳು ಸಿಕ್ಕವು, ಅಲ್ಲಿ ಮಾತ್ರ ತಂಪಾಗಿದ್ದರ ಗುರುತೇ ಇಲ್ಲ. ಹಾಗೆ ನೋಡಿದ್ರೆ ಮಲಾವಿಯಲ್ಲಿ ಟೋಬಾಕ್ಕಿಂತ ಎಷ್ಟೋ ಭೀಕರವಾದ ಬರಗಾಲ ಅದಕ್ಕೆ ಮುಂಚೆ ಆಗಿತ್ತು, 1.35 ಲಕ್ಷದಿಂದ 75 ಸಾವಿರ ವರ್ಷದ ಮಧ್ಯೆ ಆ ದೊಡ್ಡ ಸರೋವರದ ನೀರು ಶೇಕಡಾ 95ರಷ್ಟು ಇಂಗಿ ಹೋಗಿದ್ದ ಕಾಲಗಳಿವೆ. ಉತ್ತರದಲ್ಲಿ ಸಹಾರಾ ಹಸಿರಾಗಿದ್ದ ಕೆಲವು ಹೊತ್ತಿನಲ್ಲೇ ದಕ್ಷಿಣದಲ್ಲಿ ಹೀಗೆ! ಆದ್ದರಿಂದ ಆಫ್ರಿಕಾದಲ್ಲಿ ಮಳೆ ಬಂತು, ಆಫ್ರಿಕಾ ಒಣಗಿತು ಅಂತ ಒಂದೇ ಉಸಿರಲ್ಲಿ ಹೇಳೋರನ್ನ ಕಂಡ್ರೆ, ಯಾವ ಆಫ್ರಿಕಾ ಸ್ವಾಮಿ ಅಂತ ಕೇಳಿ.

ಜ್ವಾಲಾಪುರಂದೇ ಇನ್ನೊಂದು ಬಂಡೆ ಆಸರೆಯಲ್ಲಿ ಸುಮಾರು 35 ಸಾವಿರ ವರ್ಷದ ಹಿಂದಿನಿಂದ ಸಣ್ಣ ಸಣ್ಣ ಕಲ್ಲಿನ ಅಲಗುಗಳು ರಾಶಿ ರಾಶಿ ಸಿಗೋಕೆ ಶುರುವಾಗುತ್ತೆ, ಬೆರಳ ತುದಿಯಷ್ಟು ಅಗಲದ್ದು. ಹವಾಮಾನ ಒಣಗ್ತಾ, ಒಂದೇ ಥರದ ದೊಡ್ಡ ಕಾಡು ಒಡೆದು ಅಲ್ಲಿ ಕುರುಚಲು ಇಲ್ಲಿ ಹುಲ್ಲು ಅಂತ ತುಂಡು ತುಂಡಾಗ್ತಿದ್ದ ಕಾಲ ಅದು, ಅದೇ ಹೊತ್ತಿಗೆ ಜನಸಂಖ್ಯೆನೂ ಏರ್ತಿತ್ತು ಅಂತ ಡಿಎನ್‌ಎ ಲೆಕ್ಕ ಹೇಳುತ್ತೆ. ಜಾಗ ಹಾಳಾಗ್ತಿದ್ದಾಗ ಜನ ಓಡಿ ಹೋಗಲಿಲ್ಲ, ಹತ್ಯಾರು ಬದಲಾಯಿಸಿದ್ರು. ಆ ಕಾಲದ ಭಾರತದಲ್ಲಿ ಉಷ್ಟ್ರಪಕ್ಷಿ ಇತ್ತು ಅಂದ್ರೆ ನಂಬ್ತೀರಾ? ಮಹಾರಾಷ್ಟ್ರದ ಪಾಟ್ನೆಯಲ್ಲಿ ಗೆರೆ ಕೊರೆದ ಉಷ್ಟ್ರಪಕ್ಷಿ ಮೊಟ್ಟೆ ಚಿಪ್ಪು ಸಿಕ್ಕಿದೆ, ಹೈದರಾಬಾದಿನ ಸಿಸಿಎಂಬಿ ಅನ್ನೋ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯವರು 2017ರಲ್ಲಿ ಭಾರತದ ಅಂಥ ಚಿಪ್ಪುಗಳ ಡಿಎನ್‌ಎ ತೆಗೆದು ಆಫ್ರಿಕಾದ ಉಷ್ಟ್ರಪಕ್ಷಿಯ ನಂಟು ತೋರಿಸಿದ್ರು. ಬಯಲು ಹುಲ್ಲು ನೆಲದ ಹಕ್ಕಿ ಅದು.

ಹಿಮಯುಗದ ತುದಿಯಲ್ಲಿ ದಕ್ಷಿಣ ಭಾರತ ಹೇಗಿತ್ತು ಅನ್ನೋದಕ್ಕೆ ನೀಲಗಿರಿಗೆ ಹೋಗಬೇಕು. ಎರಡು ಸಾವಿರ ಮೀಟರ್ ಮೇಲೆ, ಶೋಲಾ ಕಾಡಿನ ಪಕ್ಕದ ಜೌಗಿನಲ್ಲಿ ಪೂರ್ತಿ ಕೊಳೆಯದೆ ಉಳಿದ ಸಸ್ಯಗಳಿಂದಾದ, ಗೊಬ್ಬರದಂಥ ಕಪ್ಪು ಮಣ್ಣು ಇದೆ. ನಮ್ಮ ಐಐಎಸ್‌ಸಿಯ ಸುಕುಮಾರ್, ಹೌದು ಆನೆಗಳ ಅಧ್ಯಯನಕ್ಕೆ ಹೆಸರಾದ ಆನೆ ಸುಕುಮಾರ್ ಅವರೇ, ಅಹಮದಾಬಾದಿನ ಪಿಆರ್‌ಎಲ್ ಅನ್ನೋ ಭೌತವಿಜ್ಞಾನ ಸಂಶೋಧನಾ ಸಂಸ್ಥೆಯ ಆರ್. ರಮೇಶ್ ಮತ್ತು ಇತರರು ಸೇರಿ ಆ ಮಣ್ಣಿನ ಕಾರ್ಬನ್ ಅಳೆದು 1993ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದ್ರು. 20 ಸಾವಿರ ವರ್ಷದ ಲೆಕ್ಕ. ಹಿಮಯುಗದ ಚಳಿಯ ತುದಿಯಲ್ಲಿ ಸಿ4 ಹುಲ್ಲು ಮೇಲೇರುತ್ತೆ, ಅಂದ್ರೆ ಮುಂಗಾರು ಸೋತಿತ್ತು. ಹಿಮಯುಗ ಮುಗಿದ ಮೇಲೆ, ಸುಮಾರು ಒಂಬತ್ತು ಸಾವಿರ ವರ್ಷದ ಹಿಂದಿನ ಹೊತ್ತಿಗೆ ಮಳೆ ಜೋರಾಗಿ ಸಿ3 ಗಿಡಗಳು ಏರ್ತಾವೆ, ಸಹಾರಾ ಹಸಿರಾಗಿದ್ದ ಅದೇ ಹೊತ್ತು. ಆಮೇಲೆ ಮತ್ತೆ ಒಣ ಕಾಲ.

ಆ ಒಣ ಕಾಲದಲ್ಲೇ ನಮ್ಮ ಬಳ್ಳಾರಿ, ರಾಯಚೂರು, ಯಾದಗಿರಿ ಕಡೆ ದನ ಕಾಯೋರು ನೆಲೆ ನಿಲ್ತಾರೆ. ಸಂಗನಕಲ್ಲು, ಬೂದಿಹಾಳ, ಅಲ್ಲಿನ ಬೂದಿದಿಬ್ಬಗಳು ನೀವು ನೋಡಿರಬಹುದು, ಸಗಣಿ ಸುಟ್ಟು ಸುಟ್ಟು ಆದ ಗುಡ್ಡಗಳು. ದನಕ್ಕೆ ಬೇಕಾಗಿದ್ದು ಹುಲ್ಲು, ದಟ್ಟ ಕಾಡಿದ್ದಿದ್ರೆ ಅಷ್ಟು ದನ ಸಾಕೋಕಾಗ್ತಿರಲಿಲ್ಲ. ಅವರ ಒಲೆ ಬೂದಿಯ ಸುಟ್ಟ ಕಾಳು ನೋಡಿದ ಡೋರಿಯನ್ ಫುಲ್ಲರ್ ಹೇಳೋದು, ಹುರುಳಿ, ಹೆಸರು, ಕೊರಲೆ ಇವೆಲ್ಲ ಇಲ್ಲೇ ದಕ್ಷಿಣದಲ್ಲಿ ಬೆಳೆಯಾಗಿ ಪಳಗಿದ್ದು ಅಂತ.

ಕೊನೇದಾಗಿ ಒಬ್ಬರು, ಸಹಾರಾ ಒಣಗಿದ್ದಕ್ಕೂ ನಮಗೂ ನೇರ ಸಂಬಂಧ ಏನಾದ್ರೂ ಇದೆಯಾ ಅಂತ ಚೀಟಿ ಕಳ್ಸಿದ್ದಾರೆ. ಇದೆ, ಸಜ್ಜೆ. ಐದು ಸಾವಿರ ವರ್ಷದ ಹಿಂದೆ ಸಹಾರಾ ಒಣಗ್ತಾ ಬಂದಾಗ ಅಲ್ಲಿನ ದನಗಾಹಿಗಳು ಸಹಾರಾದ ದಕ್ಷಿಣ ಅಂಚಿನ ಹುಲ್ಲು ಸೀಮೆ ಸಾಹೇಲ್ ಕಡೆ ಇಳಿದ್ರು. ಅಲ್ಲಿ ಈಗಿನ ಮಾಲಿ ದೇಶದ ತಿಲೆಮ್ಸಿ ಕಣಿವೆಯಲ್ಲಿ ಸುಮಾರು ನಾಲ್ಕೂವರೆ ಸಾವಿರ ವರ್ಷದ ಹಿಂದಿನ ಪಳಗಿಸಿದ ಸಜ್ಜೆ, ಮಡಕೆ ಚೂರುಗಳ ಮಣ್ಣಲ್ಲಿ ಅಚ್ಚು ಬಿದ್ದಿರೋದು ಸಿಕ್ಕಿದೆ. ಅಲ್ಲಿಂದ ಅದು ಕೈಯಿಂದ ಕೈಗೆ ದಾಟಿ ಭಾರತಕ್ಕೆ ಬಂತು. ನಮ್ಮ ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರಾ ದಡದ ಹಳ್ಳೂರಿನಲ್ಲಿ, ಮೂರು ಸಾವಿರ ವರ್ಷಕ್ಕೂ ಹಳೇ ಪದರದಲ್ಲಿ, ಸುಟ್ಟ ಸಜ್ಜೆ ಕಾಳು ಸಿಕ್ಕಿದೆ, ಅದರ ಜೊತೆಗೇ ಅವರೆ ಕಾಳು, ಅದೂ ಆಫ್ರಿಕಾ ಮೂಲದ್ದೇ. ಇದನ್ನ ತಂದವರು ಆಫ್ರಿಕಾದಿಂದ ಬಂದು ಇಲ್ಲಿ ನೆಲೆಸಿದವರೇನಲ್ಲ, ಕಾಳು ಮಾತ್ರ ವ್ಯಾಪಾರದ ದಾರೀಲಿ ಬಂದಿದ್ದು, ಹಾಗಾಗಿ ಇದನ್ನ ಮನುಷ್ಯರ ವಲಸೆ ಲೆಕ್ಕಕ್ಕೆ ಸೇರಿಸೋಕಾಗಲ್ಲ.